ಎರಡು ಸೀಟಿಯ ಗೋಲು

ನಮ್ಮ ಮನೆಯಲ್ಲಿ ಬೇಳೆ ಕುದಿಸುವ ಕುಕ್ಕರಿನ ಸೀಟಿ ಎಣಿಸುವ ಕೆಲಸ ನನ್ನದು. ನಿವೃತ್ತನಾದ ಗಂಡಸಿಗೂ ಏನಾದರೊಂದು ಹುದ್ದೆ ಇರಲಿ ಎಂದು ಹೆಂಡತಿ ಗಂಗಮ್ಮ ದಯೆಯಿಂದ ಕೊಟ್ಟಿರುವ ಕೆಲಸ ಇದು. ಆಕೆ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿರುತ್ತಾಳೆ, ನಾನು ಪಡಸಾಲೆಯಲ್ಲಿ ಪೇಪರು ಹಿಡಿದು ಕೂತಿರುತ್ತೇನೆ. ಕುಕ್ಕರು ಕೂಗುತ್ತದೆ. ನಾನು ಯಾವುದೋ ಊರಿನ ಸುದ್ದಿಯಲ್ಲಿ ಮುಳುಗಿರುತ್ತೇನೆ.

"ಎಷ್ಟಾದ್ವುರೀ?" ಎಂದು ಹಿತ್ತಲಿಂದ ಕೇಳುತ್ತಾಳೆ.

"ಒಂದೋ ಎರಡೋ ಆಗ್ಯಾವ ನೋಡು."

"ಒಂದೋ ಎರಡೋ ಅಂದ್ರ? ಮೂವತ್ತು ವರ್ಷ ಬಸ್ಸಿನಾಗ ಸೀಟಿ ಊದೀರಿ. ಎರಡು ಸೀಟಿ ಎಣಸಾಕ ಬರಂಗಿಲ್ಲೇನು?"

ಆಕೆಗೆ ಇದು ದಿನದ ತಮಾಷೆ. ನನಗೆ ಮಾತ್ರ ಆ ಮಾತು ಪ್ರತಿಸಲವೂ ಚುಚ್ಚುತ್ತಿತ್ತು. ಯಾಕೆಂದರೆ ಎರಡು ಸೀಟಿ ಎಣಿಸಲು ನನಗೆ ಚೆನ್ನಾಗಿಯೇ ಬರುತ್ತದೆ. ಮೂವತ್ತಾರು ವರ್ಷದ ಹಿಂದೆ ಶಹಾಪುರದ ಮೈದಾನದಲ್ಲಿ, ಸಾವಿರ ಮಂದಿಯ ಎದುರು, ಎರಡು ಊದಿ ಒಂದೇ ಎಂದು ಹೇಳಿದವನು ನಾನು. ಮರೆತು ಹೇಳಿದ್ದಲ್ಲ, ಗೊತ್ತಿದ್ದೂ ಹೇಳಿದ್ದು. ಆ ಕಥೆ ಹೇಳುತ್ತೇನೆ. ಆದರೆ ಅವಸರ ಮಾಡಬೇಡಿ. ನಾನು ಕಂಡಕ್ಟರು, ಎಲ್ಲ ಸ್ಟಾಪಿನಲ್ಲೂ ನಿಲ್ಲಿಸಿಕೊಂಡೇ ಹೋಗುವವನು.

ಯಾದಗಿರಿಯಿಂದ ಶಹಾಪುರ, ಶಹಾಪುರದಿಂದ ಸುರಪುರ, ಮತ್ತೆ ವಾಪಸ್. ನನ್ನ ಇಡೀ ನೌಕರಿ ಈ ರಸ್ತೆಯ ಮೇಲೆಯೇ ಕಳೆಯಿತು. ಭೀಮಾ ನದಿಯ ಸೇತುವೆ ದಾಟುವಾಗ ಎಷ್ಟು ಟಿಕೆಟು ಹರಿದಿರಬೇಕು, ಶಹಾಪುರದ ಹತ್ತಿರ ಮಲಗಿದ ಬುದ್ಧನಂತೆ ಕಾಣುವ ಗುಡ್ಡ ಕಣ್ಣಿಗೆ ಬೀಳುವಾಗ ಎಷ್ಟು ಹರಿದಿರಬೇಕು ಎಂಬುದು ಕೈಗೇ ಗೊತ್ತಿತ್ತು. ಕೊರಳಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಹಿತ್ತಾಳೆಯ ಸೀಟಿ. ಒಂದು ಊದಿದರೆ ಬಸ್ಸು ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು. ನಮ್ಮ ಕಡೆ ಕೂಸಿಗೂ ಈ ಲೆಕ್ಕ ಗೊತ್ತು.

ಎಸ್ಸೆಸ್ಸೆಲ್ಸಿ ಎರಡನೇ ಸಲಕ್ಕೆ ಪಾಸಾದವನು ನಾನು. ಹಾಗೆ ಕಷ್ಟಪಟ್ಟು ಪಾಸಾದವರಿಗೆ ನಿಯಮಗಳ ಮೇಲೆ ಪ್ರೀತಿ ಜಾಸ್ತಿ. ಕೋಳಿಗೂ ಟಿಕೆಟು ಹರಿಯುತ್ತಿದ್ದೆ. ಸ್ಟಾಪು ಬಿಟ್ಟು ಬೇರೆಡೆ ನಿಲ್ಲಿಸುತ್ತಿರಲಿಲ್ಲ. ಒಮ್ಮೆ ಅಬ್ಬೆತುಮಕೂರು ಮಠಕ್ಕೆ ಹೊರಟಿದ್ದ ನನ್ನ ಮಾವ, ಅಂದರೆ ಗಂಗಮ್ಮನ ಅಪ್ಪ, ಸ್ಟಾಪಿನಿಂದ ಐವತ್ತು ಹೆಜ್ಜೆ ಈಚೆ ನಿಂತು ಟವೆಲ್ಲು ಬೀಸಿದರು. ನಾನು ನೋಡಿದೆ. ಅವರೂ ನನ್ನನ್ನು ನೋಡಿದರು. ಅಳಿಯನ ಬಸ್ಸು ಎಂದು ನಗುತ್ತ ಕೈಚೀಲ ಎತ್ತಿಕೊಂಡರು. ಬಸ್ಸು ಹೋಗಿಯೇ ಬಿಟ್ಟಿತು. ಆ ದಿನ ಮಾವ ನಡೆದುಕೊಂಡು ಹೋದ ದಾರಿಯ ಉದ್ದ ಗಂಗಮ್ಮನ ಬಾಯಲ್ಲಿ ವರ್ಷಕ್ಕೆ ಒಂದು ಮೈಲಿಯಂತೆ ಬೆಳೆಯುತ್ತಿದೆ.

ಆದರೆ ಅದೇ ವಾರ ಮೇಲಿನ ಅಧಿಕಾರಿಯೊಬ್ಬರ ಬೀಗರು ಹೊಲದ ನಡುವೆ ನಿಂತು ಬರೀ ಬೆರಳು ಎತ್ತಿದರು, ನಾನು ಬಸ್ಸು ನಿಲ್ಲಿಸಿದೆ. ಇದನ್ನು ಗಂಗಮ್ಮನಿಗೆ ಇದುವರೆಗೂ ಹೇಳಿಲ್ಲ. ಇಲ್ಲಿ ಬರೆದಿದ್ದೇನೆ, ಓದಿದರೆ ಓದಲಿ. ನನ್ನ ಕಟ್ಟುನಿಟ್ಟಿಗೆ ಕಣ್ಣಿತ್ತು, ಮುಖ ನೋಡಿ ನಡೆಯುತ್ತಿತ್ತು ಎಂಬುದು ನನಗೆ ಆಗಲೇ ಗೊತ್ತಾಗಬೇಕಿತ್ತು.

ನಾನು ಫುಟ್‌ಬಾಲಿನ ರೆಫರಿ ಆದದ್ದು ಈ ಸೀಟಿಯ ದೆಸೆಯಿಂದಲೇ. ಶಹಾಪುರದ ಹುಡುಗರು ಮೈದಾನದಲ್ಲಿ ಆಡುತ್ತಿದ್ದರು, ದಿನವೂ ಜಗಳ. ಒಂದು ಸಂಜೆ ಡ್ಯೂಟಿ ಮುಗಿಸಿ ಹೋಗುತ್ತಿದ್ದವನನ್ನು ಹಿಡಿದು ನಿಲ್ಲಿಸಿದರು.

"ಕಂಡಕ್ಟರ್ ಸಾಹೇಬ್ರ, ನಿಮ್ಮ ಹಂತ್ಯಾಕ ಸೀಟಿ ಐತಿ. ನೀವೇ ರೆಫರಿ."

"ನನಗ ಆಟ ಗೊತ್ತಿಲ್ಲಪ್ಪಾ."

"ಆಟ ನಮಗ ಗೊತ್ತೈತ್ರಿ. ನೀವು ಸೀಟಿ ಊದ್ರಿ, ಸಾಕು."

ಹೀಗೆ ನಾನು ಖಾಕಿ ಪ್ಯಾಂಟಿನಲ್ಲೇ ರೆಫರಿಯಾದೆ. ಊದುವ ಪದ್ಧತಿ ಬಸ್ಸಿನದೇ. ಒಂದು ಊದಿದರೆ ಆಟ ನಿಲ್ಲಬೇಕು. ಯಾರಾದರೂ ತಪ್ಪು ಮಾಡಿ, ಆದರೂ ಚೆಂಡು ತಪ್ಪಿಗೆ ಸಿಕ್ಕವನ ಕಾಲಲ್ಲೇ ಇದ್ದು, ಅವನು ಮುಂದೆ ಹೋಗುವಂತಿದ್ದರೆ ಎರಡು ಊದುತ್ತಿದ್ದೆ. ಹೋಗು, ನಾನು ನೋಡಿದ್ದೇನೆ, ನಿಲ್ಲಬೇಡ ಎಂದು ಅರ್ಥ. ಯಾರೂ ನನಗೆ ಇದನ್ನು ಹೇಳಿಕೊಡಲಿಲ್ಲ, ನಾನೂ ಯಾರಿಗೂ ವಿವರಿಸಲಿಲ್ಲ. ಎಲ್ಲರೂ ಬಸ್ಸು ಹತ್ತಿದವರೇ, ಮೊದಲ ದಿನವೇ ತಿಳಿದುಕೊಂಡರು. ನಾಲ್ಕೈದು ವರ್ಷ ಶಹಾಪುರ, ಸುರಪುರ, ಪಕ್ಕದ ಹಳ್ಳಿ ಸಗರ, ಈ ಮೂರೂ ಊರ ಆಟ ಈ ಪದ್ಧತಿಯಲ್ಲೇ ನಡೆಯಿತು, ಜಗಳ ಕಡಿಮೆಯಾಯಿತು.

ಆಮೇಲೆ ಪುಸ್ತಕ ಬಂತು, ನಾನು ಕೆಟ್ಟೆ.

ಒಂದು ದೊಡ್ಡ ಟೂರ್ನಮೆಂಟಿನ ಉದ್ಘಾಟನೆಗೆ ಬಂದ ಅತಿಥಿಯೊಬ್ಬರು ನನಗೆ ಶಾಲು ಹೊದಿಸಿ, ಕನ್ನಡದಲ್ಲಿ ಅಚ್ಚಾದ ಫುಟ್‌ಬಾಲ್ ನಿಯಮಗಳ ಪುಸ್ತಕ ಕೈಗಿಟ್ಟು, "ಇವರು ಕಾನೂನಿನ ಮನುಷ್ಯ" ಎಂದು ಮೈಕಿನಲ್ಲಿ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ಆ ರಾತ್ರಿಯೇ ಪುಸ್ತಕಕ್ಕೆ ಪೇಪರಿನ ರಟ್ಟು ಹಾಕಿದೆ. ಮೊದಲ ಕೆಲವು ಪುಟ ಓದಿದೆ. ಮೈದಾನದ ಉದ್ದ ಅಗಲ, ಚೆಂಡಿನ ಸುತ್ತಳತೆ, ತೂಕ. ಮರುದಿನ ಚೆಂಡನ್ನು ಕಿರಾಣಿ ಅಂಗಡಿಗೆ ಒಯ್ದು ತಕ್ಕಡಿಯಲ್ಲಿ ತೂಗಿಸಿದೆ. ಅಂಗಡಿಯವನು, "ಇದನ್ನ ಯಾ ಪೊಟ್ಟಣದಾಗ ಕಟ್ಲಿ?" ಎಂದು ಕೇಳಿದ. ಸುತ್ತ ನಿಂತವರು ನಕ್ಕರೂ ನಾನು ನಗಲಿಲ್ಲ. ಕಾನೂನಿನ ಮನುಷ್ಯ ನಗಬಾರದಲ್ಲ! ತೂಕದ ಮುಂದಿನ ಪುಟ ಮಾತ್ರ ನಾನು ಓದಲಿಲ್ಲ. ಎಲ್ಲ ಓದಿದ್ದೇನೆ ಎಂದು ಊರ ತುಂಬ ಹೇಳಿಕೊಂಡೆ.

ಆ ಟೂರ್ನಮೆಂಟಿನ ಫೈನಲ್ಲು ಸಗರಕ್ಕೂ ಸುರಪುರಕ್ಕೂ ಬಿತ್ತು. ಸಗರದ ಮುಂಚೂಣಿಯಲ್ಲಿ ಮರೆಪ್ಪ. ಇಪ್ಪತ್ತೆರಡು ವರ್ಷದ ಹುಡುಗ, ಬೇರೆಯವರ ಹೊಲದಲ್ಲಿ ಕೂಲಿ ಮಾಡುವವರ ಮಗ, ಎಡಗಾಲಿನ ಆಟಗಾರ. ಅವನು ಓಡಿದರೆ ಎರೆಹೊಲದ ಮೇಲೆ ಮೋಡದ ನೆರಳು ಓಡಿದಂತೆ, ಮುಂದೆ ಏನಿದ್ದರೂ ದಾಟಿ ಹೋಗುತ್ತಿದ್ದ. ಸುರಪುರದ ಕ್ಯಾಪ್ಟನ್ ವೀರಣ್ಣ, ದವಸದ ದಲಾಲಿ ನಡೆಸುವ ಅಡತಿ ಅಂಗಡಿಯ ಸಾಹುಕಾರರ ಮಗ. ಓದಿದವನು, ಎತ್ತರದ ಆಳು, ಮರೆಪ್ಪನನ್ನು ತಡೆಯುವ ಕೆಲಸ ಅವನದು.

ಆಟ ಮುಗಿಯಲು ಐದು ನಿಮಿಷ ಇತ್ತು, ಎರಡೂ ಕಡೆ ಸೊನ್ನೆ. ಮರೆಪ್ಪ ಚೆಂಡು ತೆಗೆದುಕೊಂಡು ನುಗ್ಗಿದ. ವೀರಣ್ಣ ಹಿಂದಿನಿಂದ ಅವನ ಅಂಗಿ ಹಿಡಿದು ಜಗ್ಗಿದ. ಅಂಗಿ ಪರ್ ಎಂದು ಹರಿದದ್ದು ನನ್ನ ಕಿವಿಗೂ ಬಂತು. ಆದರೆ ಮರೆಪ್ಪ ಬೀಳಲಿಲ್ಲ, ಚೆಂಡು ಅವನ ಕಾಲಲ್ಲೇ ಇತ್ತು. ನಾನು ಎಂದಿನಂತೆ ಎರಡು ಊದಿದೆ. ಹೋಗು! ಅವನು ಹೋದ. ಎಡಗಾಲು ಬೀಸಿದ, ಚೆಂಡು ಬಲೆಯ ಮೂಲೆಗೆ ಹೋಗಿ ಸುತ್ತಿಕೊಂಡಿತು.

ಸಗರದವರು ಟವೆಲ್ಲು ಹಾರಿಸಿದರು. ವೀರಣ್ಣ ನನ್ನ ಬಳಿ ಬಂದ.

"ಸೀಟಿ ಬಿದ್ದ ಮ್ಯಾಲೆ ಆಟ ನಿಂತಂಗ್ರಿ. ಈ ಗೋಲ್ ಹ್ಯಾಂಗ ಆಗ್ತೈತಿ? ನಿಮ್ಮ ಬುಕ್ಕಿನಾಗ ಐತಿ, ತಗದು ನೋಡ್ರಿ."

ಪುಸ್ತಕ ನನ್ನ ಜೇಬಿನಲ್ಲೇ ಇತ್ತು. ಎರಡು ಊದಿದ್ದೇನೆ, ಅದು ಮುಂದೆ ಹೋಗು ಎಂಬ ಸೀಟಿ ಎಂದು ಹೇಳಬಹುದಿತ್ತು. ಮೈದಾನದಲ್ಲಿ ನಿಂತ ಇಪ್ಪತ್ತೆರಡೂ ಮಂದಿಗೆ ಆ ಅರ್ಥ ಗೊತ್ತಿತ್ತು. ಆದರೆ ಎರಡು ಸೀಟಿಯ ನಿಯಮ ಯಾವ ಪುಟದಲ್ಲಿದೆ ತೋರಿಸಿ ಎಂದು, ಫೈನಲ್ಲಿಗೂ ಬಂದು ಕೂತಿದ್ದ ಆ ಅತಿಥಿ ಕುರ್ಚಿಯಿಂದಲೇ ಕೇಳಿದರೆ? ಕಾನೂನಿನ ಮನುಷ್ಯ ಪುಸ್ತಕ ಓದಿಲ್ಲ, ಬಸ್ಸಿನ ಸೀಟಿ ಊದುತ್ತಿದ್ದಾನೆ ಎಂದು ಜನ ನಕ್ಕರೆ?

"ಒಂದೇ ಊದೀನಿ. ಫೌಲ್ ಕೊಟ್ಟೀನಿ. ಇಂವ ಸೀಟಿ ಕೇಳಲಾರದ ಹೊಡದಾನ. ಗೋಲ್ ಇಲ್ಲ" ಎಂದೆ.

ಮರೆಪ್ಪ ಹರಿದ ಅಂಗಿಯಲ್ಲಿ ನನ್ನ ಎದುರು ಬಂದು ನಿಂತ. ಎರಡು ಬೆರಳು ಎತ್ತಿ ತೋರಿಸಿದ. "ಎರಡು ಊದೀರ್ರಿ, ಸಾಹೇಬ್ರ."

"ಒಂದೇ. ನಿನ್ನ ಕಿವಿ ತೋರಿಸ್ಕೋ ಹೋಗು."

ಇಷ್ಟು ಹೇಳಿದೆ. ಫ್ರೀ ಕಿಕ್ಕು ಸಾಲಾಗಿ ನಿಂತ ಆಟಗಾರರ ಗೋಡೆಗೆ ಬಡಿದು ವಾಪಸ್ ಬಂತು, ಕೊನೆಗೆ ಪೆನಾಲ್ಟಿಯಲ್ಲಿ ಸುರಪುರ ಗೆದ್ದಿತು. ಮರುದಿನದಿಂದ ಸಗರದಲ್ಲಿ ಅವನ ಹೆಸರು ಕೆಪ್ಪ ಮರೆಪ್ಪ ಎಂದಾಯಿತು. ಕೆಪ್ಪ ಎಂದರೆ ನಮ್ಮ ಕಡೆ ಕಿವುಡ. ಬಾಯಿಗೆ ಸಲೀಸಾಗಿ ಕೂತ ಹೆಸರು, ಹೋಗಲೇ ಇಲ್ಲ. ಗದ್ದಲದಲ್ಲಿ ಸೀಟಿ ಎಣಿಸಿದವರಿಲ್ಲ, ರೆಫರಿಯ ಮಾತೇ ನಿಂತಿತು; ಸೀಟಿ ಕೇಳದೆ ಟೂರ್ನಮೆಂಟಿನ ಕಪ್ಪು ಕಳೆದವನು ಎಂದು ಅವನ ಟೀಮಿನವರೇ ಆಡಿಕೊಂಡರು. ಹೆಣ್ಣು ಕೊಡಲು ಬಂದವರು ಅವನ ಬೆನ್ನ ಹಿಂದೆ ತಾಟು ಬೀಳಿಸಿ ಪರೀಕ್ಷೆ ಮಾಡಿದರಂತೆ. ಮರೆಪ್ಪ ತಿರುಗದೆಯೇ, "ತಾಟು ಬಿತ್ತು, ಸ್ಟೀಲಿಂದು, ಹೊಸಾದು" ಎಂದನಂತೆ. ಲಗ್ನವಾಯಿತು. ಹೆಸರು ಉಳಿಯಿತು. ಆಟ ಬಿಟ್ಟ, ಗೌಂಡಿ ಕೆಲಸ ಕಲಿತು ಮನೆ ಕಟ್ಟತೊಡಗಿದ.

ನನಗೂ ಆಮೇಲೆ ರೆಫರಿಯಾಗಲು ಮನಸ್ಸಾಗಲಿಲ್ಲ. ಆದರೆ ಮರೆಪ್ಪ ನನ್ನ ಬಸ್ಸು ಹತ್ತುವುದು ಬಿಡಲಿಲ್ಲ. ಗಾರೆ ಮೆತ್ತುವ ಕರಣೆ, ತೂಗುಗುಂಡು ಚೀಲದಲ್ಲಿಟ್ಟುಕೊಂಡು ಬಾಗಿಲ ಪಕ್ಕದ ಸೀಟಿನಲ್ಲೇ ಕೂರುತ್ತಿದ್ದ. ನಾನು ಬಸ್ಸು ಬಿಡಲು ಊದುತ್ತಿದ್ದಂತೆ ಅವನು ಕಿಟಕಿಯ ಕಡೆ ನೋಡುತ್ತ ಎಣಿಸುತ್ತಿದ್ದ.

"ಒಂದು. ಎರಡು."

ಜನ ನಗುತ್ತಿದ್ದರು. "ನೋಡ್ರಿ, ಕೆಪ್ಪಗ ಇವತ್ತು ಕಿವಿ ಕೇಳಾಕತ್ತಾವ!"

ಅವನು ಯಾಕೆ ಎಣಿಸುತ್ತಾನೆ ಎಂದು ಬಸ್ಸಿನಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ನಾನು ಚಿಲ್ಲರೆ ಹುಡುಕುವವನಂತೆ ಚೀಲದಲ್ಲಿ ಮುಖ ಹಾಕುತ್ತಿದ್ದೆ. ನಿವೃತ್ತನಾಗುವ ದಿನದವರೆಗೂ ಇದು ನಡೆಯಿತು.

ಈಗ ಈ ವರ್ಷದ ಮಾತಿಗೆ ಬರೋಣ. ಶಹಾಪುರದಲ್ಲಿ ಹೆಣ್ಣುಮಕ್ಕಳ ಫುಟ್‌ಬಾಲ್ ಪಂದ್ಯ ನಡೆಸುತ್ತೇವೆ, ಹಿರಿಯ ರೆಫರಿ ಎಂದು ನೀವು ಬಹುಮಾನ ಕೊಡಬೇಕು ಎಂದು ಕರೆಯಲು ಬಂದರು. ಆಡುವವರು ಯಾರು ಎಂದೆ. ಸಗರ ಮತ್ತು ಸುರಪುರ ಎಂದರು. ಹೊಟ್ಟೆ ನೋವು ಎಂದು ಹೇಳೋಣ ಅಂದುಕೊಂಡೆ. ಗಂಗಮ್ಮ ಅಷ್ಟರಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತಂದು ಕುರ್ಚಿಯ ಮೇಲೆ ಹಾಕಿದಳು. ಯಾಕೋ ಹಳೆಯ ಸೀಟಿಯನ್ನು ಜೇಬಿನಲ್ಲಿ ಹಾಕಿಕೊಂಡೆ.

ವೇದಿಕೆಯ ಮೇಲೆ ನನ್ನ ಪಕ್ಕದಲ್ಲಿ ಕೂತವರು ಯಾರು? ವೀರಣ್ಣ ಸಾಹುಕಾರರು. ಕಪ್ಪು ಕೊಡಿಸಿದವರು ಅವರೇ. ಈಗ ಹೊಟ್ಟೆ ಬಂದಿದೆ, ಮೊಣಕಾಲಿಗೆ ಪಟ್ಟಿ. ಕೆಳಗೆ ಬೇವಿನ ಗಿಡದ ಬುಡದಲ್ಲಿ ಸಗರದವರ ನಡುವೆ ಮರೆಪ್ಪ, ತಲೆಗೆ ಟವೆಲ್ಲು ಸುತ್ತಿಕೊಂಡು. ಹತ್ತನೇ ನಂಬರಿನ ಹುಡುಗಿ ಅವನ ಮಗಳ ಮಗಳು ಭಾಗ್ಯಾ ಎಂದು ಮೈಕಿನಲ್ಲಿ ಹೇಳಿದರು. ಅವಳು ಚೆಂಡು ಮುಟ್ಟಿದ ಕೂಡಲೇ ಯಾರೂ ಹೇಳಬೇಕಿರಲಿಲ್ಲ. ಅದೇ ಎಡಗಾಲು.

ರೆಫರಿ ಪರ್ವೀನ್ ಟೀಚರು, ಹೈಸ್ಕೂಲಿನ ದೈಹಿಕ ಶಿಕ್ಷಕಿ. ಎರಡನೇ ಅರ್ಧದಲ್ಲಿ ಭಾಗ್ಯಾ ಚೆಂಡು ಒಯ್ಯುವಾಗ ಸುರಪುರದ ಹುಡುಗಿಯೊಬ್ಬಳು ಅವಳ ಕಾಲಿಗೆ ಹೊಡೆದಳು. ಭಾಗ್ಯಾ ತಡವರಿಸಿದಳು, ಬೀಳಲಿಲ್ಲ. ಪರ್ವೀನ್ ಟೀಚರು ಸೀಟಿ ಊದಲಿಲ್ಲ. ಎರಡೂ ಕೈ ಮುಂದೆ ಚಾಚಿ, ಆಡು ಎನ್ನುವಂತೆ ಬೀಸಿದರು. ನಾನು ಕುರ್ಚಿಯ ತುದಿಗೆ ಬಂದೆ. ಇದು ನನ್ನ ಎರಡು ಸೀಟಿ! ಕೈಯಲ್ಲಿ ಮಾಡಿದ ಎರಡು ಸೀಟಿ!

ಆದರೆ ಹುಡುಗಿಯ ಕಾಲು ಹೊರಳಿ ಚೆಂಡು ಕಾಲಿನಿಂದ ಜಾರಿತು. ಆಗ ಜನರ ನಡುವಿಂದ ಒಬ್ಬ ಕೂಗಿದ:

"ಏ ಕೆಪ್ಪನ ಮೊಮ್ಮಗಳ! ಸೀಟಿ ಬೀಳಲಿಲ್ಲಂತ ಹೇಳಾಕ ನಿಮ್ಮ ಮುತ್ಯಾಗ ಕರೀಲೇನು?"

ನಗು ಎದ್ದಿತು. ಹುಡುಗಿ ತಲೆ ಬಗ್ಗಿಸಿದಳು. ಬೇವಿನ ಗಿಡದ ಬುಡದಲ್ಲಿ ಮರೆಪ್ಪ ಟವೆಲ್ಲು ಬಿಚ್ಚಿ ಮುಖ ಒರೆಸಿಕೊಂಡ. ನಾನು ಒಬ್ಬನಿಗೆ ಇಟ್ಟ ಹೆಸರು ಮೂರನೇ ತಲೆಮಾರಿಗೆ ಬಂದು ಮುಟ್ಟಿತ್ತು.

ಅಷ್ಟರಲ್ಲಿ ಪರ್ವೀನ್ ಟೀಚರು ಸೀಟಿ ಊದಿ, ಹಿಂದಿನ ಜಾಗಕ್ಕೇ ಬೆರಳು ತೋರಿಸಿ ಫೌಲು ಕೊಟ್ಟರು. ಭಾಗ್ಯಾ ಅಲ್ಲಿಂದಲೇ ಹೊಡೆದಳು. ಚೆಂಡು ಎಲ್ಲರ ತಲೆಯ ಮೇಲೆ ಬಾಗಿ ಒಳಗೆ ಹೋಯಿತು. ಸಗರ ಒಂದು, ಸುರಪುರ ಸೊನ್ನೆ. ಆಟ ಹಾಗೆಯೇ ಮುಗಿಯಿತು.

ಬಹುಮಾನಕ್ಕೆ ಮೊದಲು ಚಹಾ ಕುಡಿಯುವಾಗ ಟೀಚರನ್ನು ಕೇಳಿದೆ. "ಮೊದಲು ಆಡಂದ್ರಿ, ಆಮೇಲೆ ಫೌಲ್ ಕೊಟ್ರಿ. ಇದು ನಿಮ್ಮ ಮನಸ್ಸಿಗೆ ಬಂದದ್ದೋ, ಬುಕ್ಕಿನಾಗಿಂದೋ?"

"ಬುಕ್ಕಿನಾಗೇ ಐತ್ರಿ, ಅಜ್ಜಾರ. ರೆಫರಿ ಬಗ್ಗೆ ಬರದದ್ದರಾಗೇ ಐತಿ. ತಪ್ಪಾದ್ರೂ ಆಟ ಬಿಡೋದು ಚಲೋ ಅನಿಸಿದ್ರ ಬಿಡಬೇಕು. ಅನುಕೂಲ ಆಗಲಿಲ್ಲಂದ್ರ ಎರಡು ಮೂರು ಸೆಕೆಂಡಿನಾಗ ವಾಪಸ್ ಕರೀಬೇಕು. ಅದು ನಮ್ಮ ವಿವೇಚನಾಕ್ಕ ಬಿಟ್ಟದ್ದು."

"ಮೂವತ್ತಾರು ವರ್ಷ ಆದ ಮ್ಯಾಲೆ ವಾಪಸ್ ಕರೀಬಹುದೇನು?"

ಅವರು ನಕ್ಕರು. ನಾನು ನಗಲಿಲ್ಲ. ನನ್ನ ಬಸ್ಸಿನ ಸೀಟಿ ಪುಸ್ತಕದ ಹೊರಗಿನದು ಎಂದು ಹೆದರಿ ಸುಳ್ಳು ಹೇಳಿದ್ದೆ. ಅದರ ಅರ್ಥ ಪುಸ್ತಕದ ಒಳಗೇ ಇತ್ತು, ಚೆಂಡಿನ ತೂಕದ ಮುಂದೆ ಕೆಲವೇ ಪುಟ ದಾಟಿ.

ಬಹುಮಾನ ಕೊಟ್ಟು ಎರಡು ಮಾತಾಡಿ ಎಂದು ಮೈಕು ಕೊಟ್ಟರು. ಮೈಕು ಕುಂಯ್ ಎಂದಿತು.

"ನಾನು ಸಿದ್ರಾಮಪ್ಪ, ಕಂಡಕ್ಟರು. ಇದೇ ಮೈದಾನದಾಗ ಸಗರದ ಮರೆಪ್ಪನವರು ಒಂದು ಗೋಲ್ ಹೊಡದಿದ್ರು. ನಾ ಎರಡು ಸೀಟಿ ಊದಿದ್ದೆ. ಒಂದೇ ಅಂತ ಸುಳ್ಳು ಹೇಳೀನಿ. ಅವರು ಕೆಪ್ಪ ಅಲ್ಲ. ನಾ ಸುಳ್ಳ."

ಮರೆಪ್ಪ ಎದ್ದು ನಿಂತ. ಕಿವಿಯ ಹಿಂದೆ ಅಂಗೈ ಇಟ್ಟುಕೊಂಡ.

"ಏನಂದ್ರಿ, ಸಾಹೇಬ್ರ? ನಾ ಕೆಪ್ಪ ಮನಶ್ಯಾ. ಸ್ವಲ್ಪ ಜೋರಾಗಿ ಹೇಳ್ರಿ."

ನಾನು ಜೋರಾಗಿ ಹೇಳಿದೆ. "ಎರಡು ಊದೀನಿ!"

"ಎಷ್ಟು?"

"ಎರಡು!"

"ಇನ್ನೂ ಸರಿಯಾಗಿ ಕೇಳವಲ್ದು."

ಅಷ್ಟರಲ್ಲಿ ಸಗರದ ಹುಡುಗಿಯರು ಒಟ್ಟಿಗೆ ಕೂಗಿದರು, "ಎರಡೂ!" ಆಮೇಲೆ ಇಡೀ ಮೈದಾನವೇ ಕೂಗಿತು. ಆ ಸದ್ದಿಗೆ ಗುಡ್ಡದ ಬುದ್ಧನೂ ಮಗ್ಗುಲು ಬದಲಿಸಬೇಕಿತ್ತು.

ಆಗ ವೀರಣ್ಣ ಸಾಹುಕಾರರು ಮೊಣಕಾಲು ಹಿಡಿದು ಎದ್ದರು.

"ಬುಕ್ಕಿನ ಪ್ರಕಾರ, ಆಟ ಮುಗದು ರೆಫರಿ ಮೈದಾನ ಬಿಟ್ಟು ಹೋದ ಮ್ಯಾಲೆ ತೀರ್ಪು ಬದಲಿ ಮಾಡಾಕ ಬರಂಗಿಲ್ಲ" ಎಂದರು. ಅವರು ಪುಸ್ತಕ ಪೂರ್ತಿ ಓದಿದವರು.

"ಸಾಹುಕಾರ್ರ," ಎಂದೆ, "ನಾ ಅವತ್ತಿಂದ ಈ ಮೈದಾನ ಬಿಟ್ಟೇ ಇಲ್ಲ."

ಸಾಹುಕಾರರು ನನ್ನ ಕೈಯಿಂದ ಮೈಕು ಇಸಿದುಕೊಂಡರು.

"ಹಂಗಾದ್ರ ನಂದೂ ಒಂದು ಕೇಳ್ರಿ. ಅಂಗಿ ಹರದದ್ದು ಇದೇ ಕೈ. ನಾನೂ ಎರಡೇ ಕೇಳಿದ್ದೆ. ಸುಮ್ಮನ ಬುಕ್ಕು ಅಂದೆ, ಇವರು ಹೆದರಿ ಒಂದು ಅಂದ್ರು, ನಾ ಬಾಯಿ ಮುಚ್ಕೊಂಡೆ. ಟೀಚರ, ಆ ಗೋಲ್ ಬರಕೋರಿ."

ಪರ್ವೀನ್ ಟೀಚರು ಸ್ಕೋರು ಬರೆದ ಕರಿಹಲಗೆಯ ಹತ್ತಿರ ಹೋಗಿ, ಇವತ್ತಿನ ಲೆಕ್ಕದ ಕೆಳಗೆ ಗೆರೆ ಎಳೆದು ಇನ್ನೊಂದು ಸಾಲು ಬರೆದರು: ಹಳೆಯ ಫೈನಲ್, ಸಗರ 1, ಸುರಪುರ 0, ಗೋಲು ಮರೆಪ್ಪ. ಭಾಗ್ಯಾ ಸೀಮೆಸುಣ್ಣ ಕಿತ್ತುಕೊಂಡು ಮುತ್ಯಾನ ಹೆಸರಿನ ಮೇಲೆ ಇನ್ನೊಮ್ಮೆ ತಿದ್ದಿ ದಪ್ಪ ಮಾಡಿದಳು. ಆಗ ಎದ್ದ ಚಪ್ಪಾಳೆ ನನಗೆ ಶಾಲು ಹೊದಿಸಿದ ದಿನ ಬಿದ್ದ ಚಪ್ಪಾಳೆಯ ಹತ್ತರಷ್ಟಿತ್ತು. ಅದು ನನ್ನದಲ್ಲ, ಆದರೂ ನನ್ನ ಎದೆ ಅದರಿಂದಲೇ ತುಂಬಿತು.

ಮರೆಪ್ಪ ವೇದಿಕೆ ಹತ್ತಿ ಬಂದ. ನಾನು ಅವನ ಕಾಲು ಮುಟ್ಟಲು ಬಗ್ಗಿದೆ. ಗೌಂಡಿಯ ಗಟ್ಟಿ ಕೈ ನನ್ನ ರಟ್ಟೆ ಹಿಡಿದು ಮೇಲೆತ್ತಿತು.

"ಬ್ಯಾಡ್ರಿ. ಈ ಕಾಲಿಗೆ ಕೈ ಹಾಕಿದ್ರ ಫೌಲ್ ಆಗ್ತೈತಿ."

"ಸಿಟ್ಟು ಐತೇನು, ಮರೆಪ್ಪ?"

"ಭಾಳ ಇತ್ರಿ. ಈಗ ಸ್ವಲ್ಪ ಐತಿ. ಅದು ನನಗ ಇರಲಿ, ಬಿಡ್ರಿ." ಎಂದು ನಕ್ಕ. ಬಸ್ಸಿನಲ್ಲಿ ಅಷ್ಟು ವರ್ಷ ಕೂತರೂ ಅವನು ನಕ್ಕದ್ದನ್ನು ನಾನು ನೋಡಿರಲಿಲ್ಲ. ಮೇಲಿನ ಒಂದು ಹಲ್ಲು ಹೋಗಿದೆ.

ಜೇಬಿನ ಸೀಟಿ ತೆಗೆದು ಅವನ ಕೈಗೆ ಕೊಟ್ಟೆ. ಬೇಡ ಎನ್ನಲಿಲ್ಲ. ಅಂಗಿಯ ತುದಿಯಿಂದ ಒರೆಸಿ ಕೊರಳಿಗೆ ಹಾಕಿಕೊಂಡ. ಸಗರದ ಟೆಂಪೊ ರಸ್ತೆಯಲ್ಲಿ ನಿಂತಿತ್ತು. ಹುಡುಗಿಯರು ಕಪ್ಪು ಎತ್ತಿ ಹಿಡಿದು ಹಾಡುತ್ತ ಹತ್ತಿದರು, ವೀರಣ್ಣ ಸಾಹುಕಾರರು ಕೆಳಗೆ ನಿಂತು ಒಬ್ಬೊಬ್ಬಳಿಗೂ ಪೇಢೆ ಕೊಟ್ಟರು. ಮರೆಪ್ಪ ಹಿಂದಿನ ಬಾಗಿಲಲ್ಲಿ ಕಂಡಕ್ಟರಿನಂತೆಯೇ ಒಂದು ಕೈಯಲ್ಲಿ ಕಂಬಿ ಹಿಡಿದು ನಿಂತ. ನನ್ನ ಕಡೆ ನೋಡಿದ. ಊದಿದ.

ನಾನು ರಸ್ತೆಯ ನಡುವೆ ನಿಂತು ಗಟ್ಟಿಯಾಗಿ ಎಣಿಸಿದೆ. "ಒಂದು. ಎರಡು."

ಟೆಂಪೊ ಹೊರಟಿತು.

ಮರುದಿನ ಮುಂಜಾನೆ ಎಂದಿನಂತೆ ತೊಗರಿ ಬೇಳೆ, ಎಂದಿನಂತೆ ನಾನು ಪೇಪರು ಹಿಡಿದವನು. ಕುಕ್ಕರು ಕೂಗಿತು. ಗಂಗಮ್ಮ ಹಿತ್ತಲಿಂದ ಕೇಳಿದಳು.

"ಎಷ್ಟಾದ್ವುರೀ?"

"ಎರಡು" ಎಂದೆ.

"ಖರೇನೋ, ಅಂದಾಜೋ?"

"ಖರೇನ. ಅನುಮಾನ ಇದ್ರ ಸಗರದ ಮರೆಪ್ಪಗ ಫೋನ್ ಹಚ್ಚಿ ಕೇಳು. ಈ ಮೂರು ಊರಾಗ ಅವನಷ್ಟು ಚುರುಕ ಕಿವಿ ಯಾರಿಗೂ ಇಲ್ಲ."